ಅದರ ಎಡ

ಪುಸ್ತಕದಲ್ಲಿ ಅದರ ಹೆಸರು ಹೃದಯ.
ಒಳಗೆ ಹೃತ್ಕರ್ಣ ಎರಡು, ಹೃತ್ಕುಕ್ಷಿ ಎರಡು.
ಹೃತ್ಕುಕ್ಷಿ ಅನ್ನುವಾಗಲೆಲ್ಲ ಹತ್ತನೇ ಬಿ ಸೆಕ್ಷನ್ನಿನ
ಹಿಂದಿನ ಬೆಂಚು ಸೀನುತ್ತದೆ.
ನಮ್ಮ ಅಂಗಡಿಯಲ್ಲಿ ಅದು ಗುಂಡಿಗೆ.
ಅದಕ್ಕೆ ಬೇರೆ ದರವಿಲ್ಲ,
ಲಿವರ್ ಕೊಂಡವರಿಗೆ ಕೊಸರು.

ದೇಚಮ್ಮ ಟೀಚರ್ ಕೇಳಿದ್ದು ಕುರಿಯದ್ದು.
ತಿರುಗಿದ್ದು ಮಾತ್ರ ಎಲ್ಲರೂ ನನ್ನ ಕಡೆ.
ವಿರಾಜಪೇಟೆಯಲ್ಲಿ ಇನಾಸಣ್ಣನ ಮಗಳೆಂದರೆ
ಹಂದಿ ಅಂಗಡಿಯವಳು.
ಮೂರನೇ ಕ್ಲಾಸಿನಿಂದ ಆ ಹೆಸರನ್ನು
ಕೊಡೆಯ ಹಾಗೆ ಎಲ್ಲಾದರೂ ಮರೆತುಬರಲು ನೋಡಿದ್ದೇನೆ.
ಯಾರೋ ಓಡಿಬಂದು ಕೈಗೆ ಕೊಡುತ್ತಾರೆ.

ಭಾನುವಾರ ಮೂರು ಹಂದಿ.
ಮೂರರಲ್ಲಿ ಒಳ್ಳೆಯದನ್ನು ಅಪ್ಪ ಆರಿಸಿದ.
ಕೊಳವೆ ಒಂದೂ ಹರಿಯದಂತೆ ಬಿಡಿಸಿ,
ಮೂರು ನೀರಿನಲ್ಲಿ ತೊಳೆದು,
"ಪಾಠಕ್ಕಲ್ವಾ" ಎಂದು
ಹಳೇ ಪೇಪರು ಬದಿಗಿಟ್ಟು ಬಾಳೆಎಲೆಯಲ್ಲಿ ಸುತ್ತಿದ.
ಏಳನೇ ಕ್ಲಾಸು ಓದಿದ ಅಪ್ಪನಿಗೆ
ಒಳಗಿನದ್ದೆಲ್ಲ ಗೊತ್ತು,
ಹೆಸರುಗಳನ್ನು ಬಿಟ್ಟು.

ನಮ್ಮ ಲ್ಯಾಬು ಹಾಕಿ ಸ್ಟಿಕ್ಕುಗಳ ಕೋಣೆಯ ಅರ್ಧ.
ಸುಹರಾ ನನ್ನ ಬೆಂಚಿನವಳು.
ಎಲೆ ಬಿಚ್ಚುವ ಮೊದಲೇ ಎದ್ದು
ಕಿಟಕಿಯ ಬಳಿ ಹೋಗಿ ನಿಂತಳು,
ಬೆನ್ನು ನಮಗೆ, ರೆಕಾರ್ಡ್ ಬುಕ್ಕು ಕಿಟಕಿಕಟ್ಟೆಗೆ.
ನನ್ನ ಕಿವಿ ಬಿಸಿಯಾಯಿತು.
ಟೀಚರಿಗೂ ಆಗಲೇ ಹೊಳೆದಿರಬೇಕು,
ಏನೋ ಹೇಳಹೋಗಿ ಕನ್ನಡಕ ಒರೆಸಿಕೊಂಡರು.

ತಿರುಗದೆಯೇ ಸುಹರಾ ಅಂದಳು:
"ನೀನು ನೋಡಿ ಹೇಳು, ನಾನು ಬಿಡಿಸ್ತೇನೆ."

ಹೇಳಿದೆ.
ಪುಸ್ತಕದ ಹಾಗೆ ಅರ್ಧ ಕೆಂಪು ಅರ್ಧ ನೀಲಿ ಇಲ್ಲ ಕಣೇ,
ಎಲ್ಲ ಒಂದೇ,
ನೇರಳೆ ತಿಂದ ನಾಲಿಗೆಯ ಬಣ್ಣ.
ಮೇಲೆ ಕೊಬ್ಬು, ಕರಗಿ ಗಟ್ಟಿಯಾದ ಮೇಣದ ಹಾಗೆ.
ಈ ಕೊಳವೆಯಲ್ಲಿ ಬೆರಳು ಹಾಕಿದರೆ
ಎಲ್ಲಿಗೋ ಹೋಗುತ್ತದೆ, ತಣ್ಣಗೆ.
ಬ್ಲೇಡು ಇಳಿಯಿತು. ಒಳಗೆ ಬಿಳೀ ದಾರಗಳು,
ಕವಾಟದ ಅಂಚಿಗೆ ಕಟ್ಟಿದ್ದು,
ಗಾಳಿಗೆ ಕೊಡೆ ಉಲ್ಟಾ ಹೊಡೆಯದಂತೆ
ಒಳಗಿನಿಂದ ಯಾರೋ ಹಿಡಿದ ಹಾಗೆ.
ಎಡದ ಗೋಡೆ ದಪ್ಪ.

"ನಿನ್ನ ಎಡವಾ? ಅದರ ಎಡವಾ?"

ತಡೆದೆ.
ಎರಡು ತಿಂಗಳು ಆ ಚಿತ್ರ ಬಾಯಿಪಾಠ ಮಾಡಿದ್ದೇನೆ,
ಎಡ ಎಂದು ಬರೆದದ್ದು ಬಲಕ್ಕೇಕಿದೆ ಎಂದು
ಒಂದು ದಿನವೂ ಕೇಳಿಕೊಂಡಿರಲಿಲ್ಲ.
ಅದು ನಮ್ಮತ್ತ ಮುಖ ಮಾಡಿದೆ.
ಹಾಳೆಯೊಳಗೆ ಯಾರೋ
ಎದೆ ತೆರೆದು ಎದುರು ನಿಂತಿದ್ದಾರೆ,
ನಾವು ಪೆನ್ಸಿಲು ಚೂಪು ಮಾಡುತ್ತಾ ಕೂತಿದ್ದೇವೆ.

"ಅದರದ್ದೇ" ಅಂದೆ.

"ದಪ್ಪ ಯಾಕೆ?" ಟೀಚರ್ ಕೇಳಿದರು.
ಉತ್ತರ ಕಿಟಕಿಯಿಂದಲೇ ಬಂತು:
"ಬಲದ್ದು ಪಕ್ಕದ ಶ್ವಾಸಕೋಶಕ್ಕೆ ದೂಡಿದರೆ ಸಾಕು ಮಿಸ್,
ಎಡದ್ದು ಕಾಲ್ಬೆರಳ ತನಕ.
ಉಪ್ಪ ಮಾಕುಟ್ಟ ಘಾಟಿ ಇಳಿದು
ಇರಿಟ್ಟಿಗೆ ಲೋಡು ಹೊಡೀತಾರಲ್ಲ, ಹಾಗೆ."

ಅವಳಿಗೆ ಹತ್ತಕ್ಕೆ ಒಂಬತ್ತು.
ಕಣ್ಣಾರೆ ಕಂಡ ನನಗೆ ಏಳು,
ಹೆಸರಿಸುವ ಗೆರೆಗಳು ಸೊಟ್ಟ.

ಹಾಕಿ ಮೈದಾನದ ಹಿಂದೆ ಹೂತೆವು.
ಗುಂಡಿ ತೋಡಿದ ಪ್ಯೂನ್ ಬೆಳ್ಯಪ್ಪ
"ಒಳ್ಳೇ ಫ್ರೈ ಹಾಳು" ಎಂದು ಮಣ್ಣೆಳೆದರು.
ನಲ್ಲಿಯ ಹತ್ತಿರ ಸುಹರಾ ಸೋಪು ನೀಡಿದಳು,
ನಾನು ಎರಡು ಸಲ ತೊಳೆಯುವ ತನಕ ಕಾದು
ಆಮೇಲೆ ಕೈ ಹಿಡಿದಳು.

ಸಂಜೆ ಅಂಗಡಿ.
ಅಪ್ಪ ಕಟ್ಟೆಯ ಆಚೆ, ನಾನು ಈಚೆ.
"ಸರಿಯಾಗಿತ್ತಾ?" ಅಂದ.
ತಲೆಯಾಡಿಸಿದೆ.
"ಲಿವರಿಗೆ ಏನಂತೆ ಪುಸ್ತಕದಲ್ಲಿ?"
"ಯಕೃತ್ತು."
"ಬೋರ್ಡಿಗೆ ಬರೆದರೆ ಯಾರೂ ಕೊಳ್ಳಲ್ಲ."
ನಗುತ್ತಾ ಕತ್ತಿ ಮಸೆದ.
ಅಂಗಿಯ ಕಿಸೆ, ಅದರಲ್ಲಿ ಬಾಕಿ ಚೀಟಿಗಳು,
ಅದರ ಹಿಂದೆ ದಪ್ಪ ಗೋಡೆಯದ್ದು
ಲಬ್ ಡಬ್ ಅನ್ನುತ್ತಿರಬೇಕು,
ನನ್ನ ಬಲಗೈ ಕಡೆಗೆ,
ಅವನ ಎಡಕ್ಕೆ.