ಹೆಪ್ಪು

ವಿಕ್ಟೋರಿಯಾ ಸೀಮೆ, ಮೊರ್ವೆಲ್ ಗಣಿ.
ಇಲ್ಲಿಯ ಕಂದು ಕಲ್ಲಿದ್ದಲು
ಕೈಯಲ್ಲಿ ಹಿಡಿದರೆ ಇನ್ನೂ ಮರವೇ:
ತೊಗಟೆ, ಗಂಟು, ಅರ್ಧ ಒದ್ದೆ.

ಹಾಲಿಗೆ ಹೆಪ್ಪು ಬಿದ್ದರೆ ಗಟ್ಟಿ.
ಇಲ್ಲಿ ತಿರುವುಮುರುವು:
ಗಟ್ಟಿಯದು ಕರಗಿ ಹರಿಯಬೇಕು,
ಹೆಪ್ಪು ಮಾತ್ರ ಹಾಕಿದ ಹಾಗೇ ಹೊರಬರಬೇಕು,
ಪುಸ್ತಕ ಹೇಳುವುದು ಹಾಗೆ.

ರಾತ್ರಿ ಪಾಳಿಯ ಮರ್ವಿನ್ ಟ್ರೆಲೋರ್
ನಾಲ್ಕು ತಿಂಗಳಿಗೊಮ್ಮೆ ರಿಯಾಕ್ಟರಿನ ಹೊಟ್ಟೆ ಬಗೆದು
ನನ್ನ ತಕ್ಕಡಿಗೆ ಸುರಿಯುತ್ತಾನೆ.
ಹಾಕಿದ್ದು ನೂರು ಗ್ರಾಂ, ಬಂದದ್ದು ನೂರಹದಿನೆಂಟು.
ಮಸಿ ಮೆತ್ತಿ, ರಂಧ್ರವೆಲ್ಲ ಕಟ್ಟಿ,
ಯಾರನ್ನೂ ಯಾರಿಗೂ ಬೆಸೆಯಲಾಗದ ಕರಿ ಗೋಲಿ.

“ಸುಟ್ಟರೆ ಮತ್ತೆ ಚುರುಕಾಗುತ್ತೆ,” ಅಂದೆ.
ಅವನು ಕೆಮ್ಮಿದ, ಕೈಗವಸು ಕಳಚಿದ.
“ಎಷ್ಟು ಸಲ?”

ಬಾಟಲಿಯಲ್ಲಿ ಅಷ್ಟು ಎಣ್ಣೆ, ತಿಳಿ ಚಹದ ಬಣ್ಣ.
ಅವನ ಗಾಡಿ ಮನೆ ಮುಟ್ಟಲೂ ಸಾಲದು.