ಕಾವು, ಕಾವಲು

ಜೂನ್ ಅಂದರೆ ನಮ್ಮಲ್ಲಿ ಚಳಿ.
ಕಬ್ಬಿನ ಬಯಲಿನಾಚೆ ಕೆಂಪು ದಿಬ್ಬ,
ದಿಬ್ಬದ ಮೇಲೆ ತಗಡು ಹೊಡೆದ ಹನ್ನೆರಡು ಅಂಕಣ,
ಅಂಕಣಕ್ಕೊಂದು ಬಿಲ, ಬಿಲಕ್ಕೊಂದು ತೇಯು.

ಉಡ ಕಂಡವರು ಇದನ್ನೂ ಉಡ ಅಂದಾರು.
ಅಲ್ಲ. ಕರಿ ಬಿಳಿ ಮಣಿ ಪೋಣಿಸಿದ ಮೈ,
ಗಂಡಾದರೆ ಮಂಗನಬಾವು ಬಂದವನ ದವಡೆ,
ನಾಲಗೆ ಮಾತ್ರ ಹಾವಿನಿಂದ ಎರವಲು.
ನಮ್ಮಮ್ಮ ಇಟ್ಟ ಹೆಸರು ಮೊಟ್ಟೆಗಳ್ಳ.
ಕೋಳಿಗೂಡಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿರುತ್ತಿದ್ದಳು;
ಇದು ಪೊರಕೆಗೆ ಹೆದರುವ ಜಾತಿಯಲ್ಲ.

ಏಪ್ರಿಲ್ ಕೊನೆಗೆ ಊಟ ಬಿಟ್ಟವು.
ಒಣಹುಲ್ಲು ಕಚ್ಚಿ ಕಚ್ಚಿ ಒಳಗೆಳೆದು
ಬಿಲದ ಬಾಯಿಗೆ ಮಣ್ಣು ಮೆತ್ತಿ
ಮಲಗಿದವು.

ನಾನು ಜಂದೀರಾ, ರಾತ್ರಿ ಕಾವಲು.
ಕಳ್ಳರು ಬರುವುದಿಲ್ಲ. ನನ್ನ ಕೆಲಸ ಅಂಕಿ ಬರೆಯುವುದು.
ಪ್ರತಿ ತೇಯುವಿನ ಹೊಟ್ಟೆಯಲ್ಲೂ ಹೊಲಿದಿಟ್ಟಿದ್ದಾರೆ
ಅಂಗಿಗುಂಡಿಯಷ್ಟು ಯಂತ್ರ.
ಗೋಡೆಯ ಪೆಟ್ಟಿಗೆ ಗಂಟೆಗೊಮ್ಮೆ ಹೇಳುತ್ತದೆ, ನಾನು ಬರೆಯುತ್ತೇನೆ:
ಮಣ್ಣು ಹದಿನೇಳು. ಮೈ ಹದಿನೇಳು.
ಮಣ್ಣು ಹದಿನಾರೂವರೆ. ಮೈ ಹದಿನಾರೂವರೆ.
ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ
ಫ್ಲಾಸ್ಕ್ ಬಿಚ್ಚಿ, ಕಾಫಿ ಬಗ್ಗಿಸಿ, ಕುಡಿದು, ಮುಚ್ಚಳ ತಿರುಗಿಸಬಹುದು.
ಸತ್ತಂತೆ ಅನ್ನಬೇಡಿ.
ಮಣ್ಣು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದೆ, ಅಷ್ಟೇ.

ಈ ಕುಲವೇ ಹಾಗೆ, ಅಂದಿದ್ದರು ಡಾಕ್ಟರ್ ಒತಾವಿಯು,
ಬಿಸಿಲು ಕಡ ಕೊಟ್ಟರೆ ಉಂಟು, ಇಲ್ಲವೆಂದರೆ ಇಲ್ಲ.
ಹೌದಲ್ಲ, ನಾನೂ ಕಂಡಿದ್ದೇನೆ
ಅಣೆಕಟ್ಟಿನ ದಿಮ್ಮಿಯ ಮೇಲೆ ಒಂದರ ಬೆನ್ನೇರಿ ಒಂದು
ಕತ್ತು ಚಾಚಿ ಕೂತ ಆಮೆಗಳನ್ನು.
ಸಂಜೆ ಡಾಂಬರಿನಲ್ಲಿ ಉಳಿದ ಚೂರು ಬಿಸಿಗೆ
ಮೈಚೆಲ್ಲಿದ ಜರರಾಕ ಹಾವನ್ನು,
ಬೆಳಿಗ್ಗೆ ಕಬ್ಬಿನ ಲಾರಿಯ ಗಾಲಿಗುರುತಿನಲ್ಲಿ ಅದನ್ನೇ.

ಅಕ್ಟೋಬರ್. ಬೆಳಗಿನ ಜಾವ ಮೂರು. ಏಳನೇ ಅಂಕಣ.
ಮಣ್ಣು ಹತ್ತೊಂಬತ್ತು.
ಮೈ ಇಪ್ಪತ್ತೇಳು.

ಪೆಟ್ಟಿಗೆಗೆ ಎರಡು ಬಿಗಿದೆ. ಇಪ್ಪತ್ತೇಳು.
ಬಿಸಿಲು ಹೋಗಿ ಒಂಬತ್ತು ಗಂಟೆಯಾಗಿದೆ,
ಸಾಲ ಕೊಡಲು ಯಾರೂ ಎದ್ದಿಲ್ಲ.
ಒತಾವಿಯು ಮೊದಲು ನನ್ನ ಕನ್ನಡಕ ನೋಡಿದರು,
ಆಮೇಲೆ ಪೆಟ್ಟಿಗೆ ಬದಲಿಸಿದರು.
ಮರುರಾತ್ರಿ ಇಪ್ಪತ್ತೇಳೂವರೆ. ಎಂಟನೆಯದೂ ಹಾಗೇ, ಹನ್ನೊಂದನೆಯದೂ.
ಬಿಲದೆದುರು ಮೊಣಕಾಲೂರಿ ಬಹಳ ಹೊತ್ತು ಕೂತರು,
ಬೇರೆಯವರ ಮನೆಗೆ ಹೊತ್ತುಮೀರಿ ಬಂದವರ ಹಾಗೆ.
ಕೂಡುವ ಕಾಲ, ಮೊಟ್ಟೆಯ ಕಾಲ, ಅಂದರು ಕೊನೆಗೆ,
ಒಳಗೇ ಒಲೆ ಹಚ್ಚಿಕೊಂಡಿವೆ.

ಈಗ ನನ್ನದು ಹೇಳಲೇ.
ಐವತ್ತೆರಡು ನನಗೆ. ಮುಟ್ಟು ನಿಂತಿತು,
ಮುಟ್ಟುವುದೂ ನಿಂತಿತು. ನಿವಾಲ್ದು ಗೋಡೆಗೆ ಮುಖ ಹಾಕಿ ಮಲಗುತ್ತಾನೆ.
ಹೊತ್ತಲ್ಲದ ಹೊತ್ತಲ್ಲಿ ಹೊಕ್ಕುಳಿಂದ ಕೊರಳಿಗೆ
ಯಾರೋ ಕೆಂಡದ ಬಾಣಲೆ ಎತ್ತಿ ತರುತ್ತಾರೆ;
ಕಾವಲು ಕೋಟು ಕಳಚಿ, ಬೇಲಿಯ ತಣ್ಣನೆ ತಗಡಿಗೆ
ಬೆನ್ನು ಕೊಟ್ಟು ನಿಲ್ಲುತ್ತೇನೆ.
ನರ್ಸ್ ಥರ್ಮಾಮೀಟರನ್ನು ದೀಪಕ್ಕೆ ಹಿಡಿದು ನೋಡಿ
ಮೂವತ್ತಾರೂವರೆ, ಏನಿಲ್ಲ, ಅಂದಳು.
ಏನಿಲ್ಲ!
ಅದು ಉರಿದರೆ ಊರೆಲ್ಲ ಬಂದು ಬರೆದುಕೊಳ್ಳುತ್ತದೆ.
ನಾನು ಉರಿದರೆ ಅಂಕಿ ಕದಲುವುದಿಲ್ಲ.

ಅದರದು ಮೊಟ್ಟೆಗೆ ಮುಂಚಿನ ಕಾವು.
ನನ್ನದು ಯಾವುದಕ್ಕೂ ಮುಂಚಿನದಲ್ಲ.

ನಿನ್ನೆ ಕೆಲಸಕ್ಕೆ ಹೊರಡುವಾಗ
ಹೇಂಟೆ ಎದ್ದ ಜಾಗದಿಂದ ಒಂದು ಮೊಟ್ಟೆ ತೆಗೆದುಕೊಂಡೆ.
ತಿನ್ನಲು ಅಂತಲೇ. ಆದರೆ ರಾತ್ರಿ ಎರಡು ಸಲ ಬಾಣಲೆ ಬಂತು,
ಎರಡು ಸಲವೂ ಮೊಟ್ಟೆ ಎದೆಯ ಹತ್ತಿರ, ಅಂಗಿಯೊಳಗೆ ಇತ್ತು.
ಬೆಳಕಾಗುವಾಗ ಏಳನೇ ಬಿಲದ ಬಾಯಲ್ಲಿಟ್ಟೆ.
ಕೆಲಸ ಹೋಗುವಂಥ ತಪ್ಪು.
ಅಮ್ಮ ಇದ್ದಿದ್ದರೆ ಪೊರಕೆ ನನ್ನ ಮೇಲೇ ಬೀಳುತ್ತಿತ್ತು.

ಪುಸ್ತಕದಲ್ಲಿ ಮಣ್ಣಿಗೊಂದು ಸಾಲು, ಮೈಗೊಂದು ಸಾಲು.
ಮೊಟ್ಟೆ ಬೆಚ್ಚಗಿತ್ತು ಅಂತ ಬರೆಯಲು
ಜಾಗ ಬಿಟ್ಟಿರಲಿಲ್ಲ.