ಎರಡು ಬೆರಳು

ಮನಾಮಾಕ್ಕೆ ಮರಳಿ ಇಂದಿಗೆ ಒಂಬತ್ತು ದಿನ.
ಬಲಗೈಯ ಎರಡು ಬೆರಳು ಮಾತ್ರ
ಇನ್ನೂ ಗ್ವಾಂಗ್‌ಝೌನಲ್ಲೇ ಇವೆ.

ಬಲ್ಬು, ಚೋಕು, ತೂಗುದೀಪಗಳ ಖರೀದಿಗೆಂದು
ಹಾಜಿ ಮಕ್ಕಿ ಕಳಿಸಿದ್ದು ಐದು ದಿನ.
ಮೂರರಲ್ಲಿ ಮುಗಿಸಿದೆ.
ಉಳಿದವು ನನ್ನವು. ಹದಿನಾಲ್ಕು ವರ್ಷದಲ್ಲಿ
ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಎರಡು ದಿನ.

ಬೆಳಗಿನ ಆರಕ್ಕೇ ತುಂಬಿ ಗಿಜಿಗುಡುವ ಚಹಾದ ಮನೆ.
ಎದುರು ಕೂತ ಮುದುಕಿ ತನ್ನ ಹೆಸರು
ಆ-ಯಿಂಗ್ ಎಂದಳೋ ಏನೋ,
ನಾನು ಆಯಿ ಅಂತಲೇ ಇಟ್ಟುಕೊಂಡೆ.
ಮೊದಲ ಚಹಾ ಬಟ್ಟಲು ತೊಳೆಯಲಿಕ್ಕಂತೆ,
ಕುಡಿಯಲಿಕ್ಕಲ್ಲ.
ನಾನಾಗಲೇ ಕುಡಿದಿದ್ದೆ.
ಇಡೀ ಮೇಜು ನಕ್ಕಿತು.

ಬಿದಿರ ಬುಟ್ಟಿಯ ಮುಚ್ಚಳ ತೆಗೆದರೆ
ಹಬೆಯೊಳಗೆ ನಮ್ಮ ಕಡುಬಿನ ತಮ್ಮಂದಿರು,
ಒಳಗಿನದು ಕಾಣುವಷ್ಟು ತೆಳ್ಳನೆಯ ತೊಗಲು,
ನಾಚಿ ಮುದುಡಿದ ಸಿಗಡಿ.
ಆಮೇಲೆ ಒಂದು ತಟ್ಟೆ, ಸುರುಳಿ ಸುತ್ತಿದ ಅಕ್ಕಿಯ ಹಾಳೆ.
ಅರೇ, ನೀರುದೋಸೆ!
ಕಾವಲಿ ಮರೆತು, ಹಬೆಯಲ್ಲಿ ಬೆಂದು,
ಸೋಯಾದ ಕರಿನೀರಲ್ಲಿ ಮಿಂದು ಕೂತಿದೆ.
ಕಡ್ಡಿಗೆ ಸಿಗಲಿಲ್ಲ, ಕೈಯಲ್ಲೇ ತಿಂದೆ.
ಕೋಳಿಯ ಪಾದ ಬಂತು. ಅದನ್ನು ಆಯಿಗೆ ಬಿಟ್ಟೆ.

ಬಟ್ಟಲಿಗೆ ಚಹಾ ಬಿದ್ದಾಗಲೆಲ್ಲ ಅವರು
ತೋರುಬೆರಳು ನಡುಬೆರಳು ಮಡಚಿ
ಮೇಜಿಗೆ ಟಕ್ ಟಕ್.
ಬಾಯ್ತುಂಬ ತಿನ್ನುತ್ತಲೇ
ಬಾಯ್ತುಂಬ ಹೇಳುವ ಉಪಕಾರ.
ಭಾಷೆ ಬಾರದ ನಾನು ಎರಡು ದಿನವೂ
ಅದೊಂದನ್ನೇ ಮಾತಾಡಿದೆ:
ಕಬ್ಬಿನ ಹಾಲಿನವಳ ಗಾಡಿಗೆ,
ರಾತ್ರಿದೋಣಿಯ ಕಟಕಟೆಗೆ,
ಸೊಂಟ ತಿರುಚಿ ನಿಂತ ಆ ಎತ್ತರದ ಗೋಪುರದ ಗಾಜಿಗೆ.

"ಮುತ್ತಿನ ಹೊಳೆ ಅಂತಾರಲ್ಲ, ಮುತ್ತಿತ್ತಾ?"
ಹಾಜಿ ಕೇಳಿದ್ದು ಅಷ್ಟೇ. ಬಿಲ್ ನೋಡಲಿಲ್ಲ.
ಅವರಜ್ಜ ಮೂಗಿಗೆ ಚಿಮಟ ಸಿಕ್ಕಿಸಿ ಮುಳುಗುತ್ತಿದ್ದವರು,
ಕೊನೆಗಾಲಕ್ಕೆ ಕಿವಿ ಕೇಳುತ್ತಿರಲಿಲ್ಲವಂತೆ.
ಇಲ್ಲ ಹಾಜಿ, ಬರೀ ದೀಪ,
ನಮ್ಮಂಗಡಿಯದೇ ಮಾಲು, ನೀರಲ್ಲಿ ನಡುಗುತ್ತಿತ್ತು, ಅಂದೆ.
ಅವರು ಬಹಳ ಹೊತ್ತು ತಲೆಯಾಡಿಸಿದರು.

ಇವತ್ತು ಸೂಕಿನ ಗಲ್ಲಿ. ಸೆಖೆ ಗೋಡೆಗೆ ಅಂಟಿದೆ.
ಶಂಶೀರ್ ಕರಕ್ ತಂದಿಟ್ಟ.
ಟಕ್ ಟಕ್.
"ಅವಸರವಾ ಭಾಯ್?" ಓಡಿ ಇನ್ನೊಂದು ತಂದ.
ಅದಕ್ಕೂ ಟಕ್ ಟಕ್.
ಈಗ ಎದುರಿಗೆ ಮೂರು ಗ್ಲಾಸು.
ವಲೇರಿಯನ್ ಬಂದರೆ ಒಂದು ಅವನಿಗೆ ದಾಟಿಸಬಹುದು.
ಮೊದಲನೆಯದು ಬಟ್ಟಲು ತೊಳೆಯಲಿಕ್ಕೆ
ಅಂತ ಹೇಳಹೊರಟರೆ
ಶಂಶೀರ್ ಹೊಡೆದಾನು.